ಜೊಂಡಿನ ಹೊರೆ ಹೊತ್ತವಳು

ಡೆಲಿಯಾಳಿಗೆ ಸುಸ್ತಾಗಿತ್ತು. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಹೋಗುವ ಸುಸ್ತಲ್ಲ ಅದು. ಮೂಳೆಯೊಳಗೆ ಇಳಿದು ಅಲ್ಲೇ ಸಂಸಾರ ಹೂಡಿದ ಸುಸ್ತು. ಹಾಗೆ ನೋಡಿದರೆ ಗ್ಲೆನ್‌ಬಾನ್ ಕಣಿವೆಯಲ್ಲಿ ದಣಿಯದ ಹೆಂಗಸು ಯಾರಿದ್ದರು? ಕುರಿ, ಹಸು, ಆಲೂಗಡ್ಡೆ ಹೊಲ, ಸೌದೆಯ ಬದಲು ಒಲೆಯಲ್ಲಿ ಉರಿಸಲು ಬೆಟ್ಟದ ಜೌಗಿನಿಂದ ಕಡಿದು, ಒಣಗಿಸಿ ಹೊತ್ತು ತರಬೇಕಾದ ಮಣ್ಣಿನ ಹೆಂಟೆ, ಇವೆಲ್ಲ ಮುಗಿದ ಮೇಲೆ ಕೂತು ಹೆಣೆಯಬೇಕಾದ ಉಣ್ಣೆಯ ಕಾಲುಚೀಲ. ಆದರೂ ಭಾನುವಾರ ಇಗರ್ಜಿಯ ಪೂಜೆಗೆ ಬಂದ ಡೆಲಿಯಾಳ ಮುಖ ನೋಡಿ ಉಳಿದ ಹೆಂಗಸರೇ, "ಪಾಪ, ಇವಳನ್ನ ಯಾರಾದ್ರೂ ಒಂದು ವಾರ ಮಲಗೋಕೆ ಬಿಡಬಾರದಾ" ಎಂದು ಅಂದುಕೊಳ್ಳುತ್ತಿದ್ದರು. ಅಂದುಕೊಳ್ಳುತ್ತಿದ್ದರು, ಅಷ್ಟೇ. ಬಂದು ಒಂದು ಬಕೆಟ್ಟು ನೀರು ಹೊತ್ತುಕೊಟ್ಟವರು ಕಡಿಮೆ. ಬಾಯಿಮಾತಿನ ಕನಿಕರಕ್ಕೆ ಡೊನೆಗಾಲ್ ಸೀಮೆಯಲ್ಲಿ ಎಂದೂ ಬರ ಬಂದಿದ್ದಿಲ್ಲ.

ಹಿಂದಿನ ವರ್ಷ ಆಲೂಗಡ್ಡೆ ಅಗೆಯುವ ಕಾಲದಲ್ಲಿ ಅವಳ ಅಣ್ಣ ಮ್ಯಾನಸ್ ಹೊಲದ ಸಾಲಿನ ನಡುವೆ, ಗುದ್ದಲಿ ಕೈಯಲ್ಲಿ ಹಿಡಿದುಕೊಂಡೇ, ಮೆಲ್ಲಗೆ ಪಕ್ಕಕ್ಕೆ ಒರಗಿದ್ದ. ಬೀಳುವುದನ್ನೂ ನಿಧಾನವಾಗಿಯೇ ಬಿದ್ದ. ಅವನು ಜೀವಮಾನದಲ್ಲಿ ಯಾವುದನ್ನೂ ಆತುರದಿಂದ ಮಾಡಿದವನಲ್ಲ, ಒಂದನ್ನು ಬಿಟ್ಟು; ಅದನ್ನು ಆಮೇಲೆ ಹೇಳುತ್ತೇನೆ. ಪಾರ್ಶ್ವವಾಯು ಎಂದರು ಡಾಕ್ಟರು. ಬಲಗೈ ಹೋಯಿತು, ಬಲಗಾಲು ಹೋಯಿತು, ಅವುಗಳ ಬೆನ್ನಿಗೇ ಮಾತೂ ಹೋಯಿತು. ಇಡೀ ಭಾಷೆಯಲ್ಲಿ ಒಂದೇ ಒಂದು ಪದ ಅದು ಹೇಗೋ ತಪ್ಪಿಸಿಕೊಂಡು ಅವನ ನಾಲಿಗೆಯ ಮೇಲೆ ಉಳಿಯಿತು. ಆ ಪದ "ಸೈತಾನ."

ಚಹಾ ಬೇಕಾದರೆ ಸೈತಾನ. ಚಹಾ ಬಿಸಿಯಾದರೆ ಸೈತಾನ. ಒದ್ದೆಯಾದ ಹಾಸಿಗೆ ಬದಲಿಸುವಾಗ, ಗಡ್ಡ ಹೆರೆಯುವಾಗ, ನಾಯಿ ಬಂದು ಕೈ ನೆಕ್ಕಿದಾಗ, ಎಲ್ಲದಕ್ಕೂ ಸೈತಾನ. ಪಾದ್ರಿಗಳು ಪರಮಪ್ರಸಾದ ತಂದು ತುಟಿಯ ಹತ್ತಿರ ಹಿಡಿದಾಗಲೂ ಅವರ ಮುಖವನ್ನೇ ನೋಡಿ ಸ್ಪಷ್ಟವಾಗಿ ಅದನ್ನೇ ಹೇಳಿದ. ಪಾದ್ರಿಗಳು ದೊಡ್ಡ ಮನಸ್ಸು ಮಾಡಿ ಕೇಳಿಸದವರಂತೆ ಪ್ರಾರ್ಥನೆ ಮುಗಿಸಿದರು. ಡೆಲಿಯಾಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಮುಂದೂಡಿ ಹಸುವಿನ ಹಾಲು ಕರೆಯಲು ಹೋದಳು.

ಅಣ್ಣ ತಂಗಿ ಇಬ್ಬರೂ ಮದುವೆಯಾಗದವರು. ಹಿರಿಯಕ್ಕ ರೋಸ್ ಆಲೂಗಡ್ಡೆ ಕೀಳುವ ಕೂಲಿಗೆಂದು ಸ್ಕಾಟ್ಲೆಂಡಿಗೆ ಹೋದವಳು ಅಲ್ಲೇ ಒಬ್ಬನನ್ನು ಕಟ್ಟಿಕೊಂಡು ಉಳಿದುಬಿಟ್ಟಳು. ಡೆಲಿಯಾಳಿಗೂ ಒಂದು ಕಾಲವಿತ್ತು. ಆಚೆ ಕಣಿವೆಯ ನೇಕಾರನೊಬ್ಬ ಪದ್ಧತಿಯ ಪ್ರಕಾರ ವಿಸ್ಕಿ ಬಾಟಲಿ ಹಿಡಿದುಕೊಂಡು, ಜೊತೆಗೊಬ್ಬ ಮಾತುಗಾರನನ್ನು ಕರೆದುಕೊಂಡು ಹೆಣ್ಣು ಕೇಳಲು ಬಂದಿದ್ದ. ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. "ಮುಂದಿನ ವರ್ಷ ನೋಡೋಣ" ಎಂದಳು ಡೆಲಿಯಾ. ಮ್ಯಾನಸ್ ಒಲೆಯ ಪಕ್ಕ ಪೈಪು ಸೇದುತ್ತ ಕೂತಿದ್ದವನು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಬಾಟಲಿ ಖಾಲಿಯಾಯಿತು, ನೇಕಾರ ಮನೆಗೆ ಹೋದ, ಮುಂದಿನ ವರ್ಷ ಅವನ ಮದುವೆಯಾಯಿತು, ಬೇರೆಯವಳ ಜೊತೆ. ಅಮ್ಮ ಆಮೇಲೂ ಬಹಳ ಕಾಲ ಬದುಕಿದ್ದಳು. ಕಾಯಿಲೆಯವರಿಗೆ ಆಯಸ್ಸು ಜಾಸ್ತಿ, ನೋಡಿಕೊಳ್ಳುವವರಿಗೆ ಕಡಿಮೆ. ಆ ಲೆಕ್ಕ ಮಾತ್ರ ಎಲ್ಲ ಊರಲ್ಲೂ ಒಂದೇ.

ಇನ್ನು ಬ್ರಿಜಿಡಮ್ಮನ ವಿಷಯ. ಅವಳು ಸಂತಳು ಎಂದು ಪಾದ್ರಿಗಳು ಹೇಳುತ್ತಾರೆ. ಅವಳು ಪಾದ್ರಿಗಳಿಗಿಂತ, ಇಗರ್ಜಿಗಿಂತ, ಶಿಲುಬೆಗಿಂತಲೂ ಹಳಬಳು ಎಂದು ಮುದುಕಿಯರು ಪಾದ್ರಿಗಳಿಲ್ಲದಾಗ ಹೇಳುತ್ತಾರೆ. ಯಾವುದು ನಿಜವೋ, ಚಳಿಗಾಲದ ಮುದಿಗೊಡ್ಡನ್ನು ಬೆಟ್ಟದಾಚೆ ಅಟ್ಟಿ, ಕುರಿಯ ಕೆಚ್ಚಲಿಗೆ ಹಾಲನ್ನೂ ಹೊಲಕ್ಕೆ ಹಸಿರನ್ನೂ ತರುವವಳು ಅವಳೇ. ಜನವರಿ ಮುಗಿಯುವ ಸಂಜೆ ಅವಳು ಮನೆಮನೆಗೆ ಬರುತ್ತಾಳೆ. ಬಂದವಳನ್ನು ಒಳಗೆ ಕರೆಯಬೇಕು. ಅದಕ್ಕೆ ಮನೆಯ ಹೆಣ್ಣುಮಗಳೊಬ್ಬಳು ಜೊಂಡುಹುಲ್ಲಿನ ಹೊರೆ ಹೊತ್ತು ಹೊರಗೆ ಹೋಗುತ್ತಾಳೆ. ಜೊಂಡನ್ನು ಕುಡುಗೋಲು ತಾಕಿಸದೆ ಕೈಯಲ್ಲೇ ಕೀಳಬೇಕು. ಪ್ರದಕ್ಷಿಣೆಯ ಹಾಗೆ ಬಲಕ್ಕೆ ಮನೆಯನ್ನೊಂದು ಸುತ್ತು ಹಾಕಿ, ಮುಚ್ಚಿದ ಬಾಗಿಲು ತಟ್ಟಿ ಕೂಗಬೇಕು: "ಮಂಡಿ ಊರಿ, ಕಣ್ಣು ತೆರೀರಿ, ಬ್ರಿಜಿಡಮ್ಮನ್ನ ಒಳಗೆ ಕರೀರಿ!" ಒಳಗಿದ್ದವರು ಹೇಳಬೇಕು: "ಬರಲಿ, ಬರಲಿ, ಮಹಾತಾಯಿ ಬರಲಿ!" ಹೀಗೆ ಮೂರು ಸುತ್ತು, ಮೂರು ಕೂಗು. ಮೂರನೆಯ ಉತ್ತರ ಬಂದ ಮೇಲೆ ಬಾಗಿಲು ತೆಗೆದು ಒಳಗೆ ಬಂದು, ಜೊಂಡನ್ನು ನೆಲಕ್ಕೆ ಹಾಸಿ, ಅದರ ಮೇಲೆ ಬೆಣ್ಣೆ ಹಾಕಿ ಮಸೆದ ಆಲೂಗಡ್ಡೆಯ ಪಾತ್ರೆ ಇಟ್ಟು ಎಲ್ಲರೂ ಉಣ್ಣಬೇಕು. ಉಂಡಾದ ಮೇಲೆ ಅದೇ ಜೊಂಡಿನಲ್ಲಿ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಕ್ಕಿಸಬೇಕು.

ರೋಸ್ ಸ್ಕಾಟ್ಲೆಂಡಿಗೆ ಹೋದ ವರ್ಷ ಹೊರೆ ಡೆಲಿಯಾಳ ತೋಳಿಗೆ ಬಂತು. ಆಗ ಅವಳು ಏಳು ವರ್ಷದ ಹುಡುಗಿ. ಅವಳಿಗೆ ಮದುವೆಯಾಗಿದ್ದರೆ ಅದು ಬೇರೆ ಯಾರಿಗಾದರೂ ಹೋಗುತ್ತಿತ್ತು. ಆಗಲಿಲ್ಲ, ಹೋಗಲಿಲ್ಲ. ಈಗ ಐವತ್ತರ ಹತ್ತಿರದ ಹೆಂಗಸು ವರ್ಷಾ ವರ್ಷಾ ತನ್ನ ಮನೆಯ ಬಾಗಿಲನ್ನೇ ತಟ್ಟುತ್ತ ಹೊರಗೆ ನಿಲ್ಲುತ್ತಿದ್ದಳು.

ಮ್ಯಾನಸ್ ಆತುರ ತೋರಿಸುತ್ತಿದ್ದುದು ಇಲ್ಲೇ. ಅವಳ ಕೂಗು ಮುಗಿಯುವುದಕ್ಕೆ ಮೊದಲೇ, ಬ್ರಿಜಿಡಮ್ಮನ ಹೆಸರು ಅರ್ಧ ಬಾಯಿಂದ ಹೊರಬಿದ್ದಿರುವಾಗಲೇ, "ಬರಲಿ, ಬರಲಿ" ಎಂದು ಒಳಗಿನಿಂದ ಒದರಿಬಿಡುತ್ತಿದ್ದ. ಹುಡುಗನಾಗಿದ್ದಾಗಿಂದ ಇದೇ ಚಾಳಿ. "ಮಾತಿನ ಮೇಲೆ ಮಾತು ಬೀಳಿಸಬಾರದು ಕಣೋ, ಅಪಶಕುನ" ಎಂದು ಅಮ್ಮ ಬೈದರೂ ಬಿಡಲಿಲ್ಲ. ಆಲೂಗಡ್ಡೆ ಆರಿಹೋಗುತ್ತದೆಂದು ಇವನಿಗೆ ಅವಸರ, ಹೊಟ್ಟೆಬಾಕ, ಎಂದು ಡೆಲಿಯಾ ಪ್ರತಿವರ್ಷ ಸಿಡುಕುತ್ತಿದ್ದಳು. ಆದರೂ ಒಂದು ಮಾತು. ಆ ಮನೆಯಲ್ಲಿ ಯಾರಾದರೂ ಅವಳನ್ನು ಬಾ ಎಂದು ಕರೆಯುತ್ತಿದ್ದುದು ವರ್ಷಕ್ಕೆ ಆ ಒಂದು ಸಂಜೆ. ಅದೂ ಬ್ರಿಜಿಡಮ್ಮನ ಲೆಕ್ಕದಲ್ಲಿ.

ಕ್ರಿಸ್ಮಸ್ ಕಳೆದು ಒಂದು ದಿನ ನರ್ಸ್ ಬಾಯಲ್ ಸೈಕಲ್ ತಳ್ಳಿಕೊಂಡು ಬೆಟ್ಟ ಹತ್ತಿ ಬಂದಳು. ಮ್ಯಾನಸ್‌ನ ಬೆನ್ನಿನ ಹುಣ್ಣು ನೋಡಿದಳು. ಆಮೇಲೆ ಡೆಲಿಯಾಳ ಕೈ ಹಿಡಿದು ನೋಡಿದಳು.

"ನೋಡಮ್ಮ ಡೆಲಿಯಾ, ಹೀಗೇ ನಡೆದ್ರೆ ಈ ಮನೇಲಿ ಇನ್ನೊಂದು ಮಂಚ ಹಾಕ್ಬೇಕಾಗುತ್ತೆ, ನಿನಗೆ. ಪಟ್ಟಣದ ಆಶ್ರಯಮನೇಲಿ ಒಂದು ಹಾಸಿಗೆ ಖಾಲಿಯಾಗಿದೆ. ಅವನನ್ನ ಅಲ್ಲಿಗೆ ಸೇರಿಸ್ಬಿಡು."

"ಯಾರ್ದು ಖಾಲಿಯಾಯ್ತು ನರ್ಸಮ್ಮ?"

ನರ್ಸ್ ಚೀಲದಲ್ಲಿ ಏನೋ ಹುಡುಕತೊಡಗಿದಳು. ಆಶ್ರಯಮನೆಗೆ ಕಾರಿನಲ್ಲಿ ಹೋದವರು ಪೆಟ್ಟಿಗೆಯಲ್ಲಿ ವಾಪಸಾಗುವುದನ್ನು ಕಣಿವೆ ಕಂಡಿತ್ತು. ನಡೆದು ಬಂದವರನ್ನು ಕಂಡಿರಲಿಲ್ಲ.

"ಅವನಿಗೇನಾದ್ರೂ ಗೊತ್ತಾಗುತ್ತಾ, ಎಲ್ಲಿದೀನಿ ಅಂತ?" ಡೆಲಿಯಾ ಕೇಳಿದಳು.

"ಡಾಕ್ಟ್ರು ಏನಂದ್ರು ಅಂತ ನಿನಗೇ ಗೊತ್ತಲ್ಲಮ್ಮ. ಒಳಗೆ ದೀಪ ಆರಿಹೋಗಿದೆ ಅಂದ್ರು. ಯಾರ ಮನೆ, ಯಾರ ಕೈ ಅಂತ ಅವನಿಗೆ ಏನು ವ್ಯತ್ಯಾಸ? ನಿನಗಾದ್ರೆ ವ್ಯತ್ಯಾಸ ಇದೆ."

ಡೆಲಿಯಾ ಹೂಂ ಅಂದಳು. ಅಂದದ್ದು ಬಾಯಲ್ಲ, ಸೊಂಟ. ಫೆಬ್ರವರಿ ಒಂದಕ್ಕೆ ಬ್ರಿಜಿಡಮ್ಮನ ಹಬ್ಬ; ಅದರ ಮಾರನೆಯ ದಿನ ಬಾಡಿಗೆ ಕಾರು ಓಡಿಸುವ ಕಾಂಡಿ ಬರುತ್ತಾನೆಂದು ಮಾತಾಯಿತು. ಹಬ್ಬದ ದಿನವೇ ಬರುವ ಹಾಗಿರಲಿಲ್ಲ. ಬ್ರಿಜಿಡಮ್ಮನ ದಿನ ಕಣಿವೆಯಲ್ಲಿ ಚಕ್ರ ತಿರುಗಬಾರದು. ರಾಟೆ, ಗಾಡಿ, ಸೈಕಲ್ಲು, ಕಾರು, ಯಾವುದೂ. ಹಿಂದಿನವರು ಕಾರು ಕಂಡವರಲ್ಲ ನಿಜ, ಆದರೆ ಚಕ್ರ ಚಕ್ರವೇ ಎಂದು ಕಾಂಡಿಯೇ ತೀರ್ಪು ಕೊಟ್ಟಿದ್ದ. ಅವನಿಗೂ ವರ್ಷಕ್ಕೊಂದು ರಜೆ ಬೇಕಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಡೆಲಿಯಾ ಹಳ್ಳದ ಪಕ್ಕದ ಜೌಗಿನಲ್ಲಿ ಮೊಣಕಾಲವರೆಗೆ ಒದ್ದೆಯಾಗಿ ಜೊಂಡು ಕೀಳುತ್ತಿದ್ದಳು. ಗೋಡೆಯಾಚೆಯಿಂದ ನೆರೆಮನೆಯ ನ್ಯಾನ್ಸಿ ಹ್ಯೂಡಿ ಇಣುಕಿದಳು. ಆ ಕಣಿವೆಯಲ್ಲಿ ನ್ಯಾನ್ಸಿಯರು ಬಹಳವಾದ್ದರಿಂದ ಗಂಡ ಹ್ಯೂಡಿಯ ಹೆಸರು ಇವಳಿಗೆ ಬಾಲವಾಗಿ ಅಂಟಿತ್ತು. ಪಾಪ, ಹ್ಯೂಡಿಗೆ ಆ ಮನೆಯಲ್ಲಿದ್ದ ಅಧಿಕಾರವೂ ಅಷ್ಟೇ.

"ಏನೇ, ಈ ವರ್ಷಾನೂ ಕೀಳ್ತಾ ಇದೀಯಾ?"

"ಕಾಣ್ತಾ ಇಲ್ವಾ?"

"ಉತ್ತರ ಹೇಳೋರು ಯಾರೇ? ನಿಮ್ಮಣ್ಣ ಬ್ರಿಜಿಡಮ್ಮನಿಗೇ ಸೈತಾನ ಅಂದ್ಬಿಟ್ರೆ?"

"ಅಂದ್ರೆ ಅನ್ಲಿ. ಈ ಕಣಿವೇಲಿ ಅವಳು ಕೇಳದೇ ಇರೋ ಬೈಗುಳ ಯಾವ್ದಿದೆ?"

ನ್ಯಾನ್ಸಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾನು ಬಂದು ಒಳಗೆ ಕೂತ್ಕೊಳ್ತೀನಿ ಬಿಡೇ. ಅವನ ಪರವಾಗಿ ನಾನೇ ಬರಲಿ ಅಂತೀನಿ. ನನ್ನ ಗಂಟಲೇನು ಕಮ್ಮಿಯಿಲ್ಲ."

"ಬೇಡ. ಮನೇವ್ರೇ ಹೇಳ್ಬೇಕು."

"ಮನೇವ್ರಿಗೆ ಬಾಯಿಲ್ವಲ್ಲೇ ತಾಯಿ!"

ಡೆಲಿಯಾ ಬಗ್ಗಿ ಇನ್ನೊಂದು ಹಿಡಿ ಕಿತ್ತಳು. ನ್ಯಾನ್ಸಿ ಗೋಡೆಯ ಮೇಲೆ ಮೊಣಕೈ ಊರಿದಳು. "ನಿನ್ನ ತಲೇಲಿ ಏನೋ ಓಡ್ತಾ ಇದೆ ಕಣೇ."

"ಓಡೋಷ್ಟು ತ್ರಾಣ ಎಲ್ಲಿದೆ? ತೆವಳ್ತಾ ಇರ್ಬೇಕು."

ಓಡುತ್ತಲೋ ತೆವಳುತ್ತಲೋ, ಇದ್ದದ್ದು ನಿಜ. ಮೂರು ಕೂಗಿಗೂ ಉತ್ತರ ಬಾರದ ಮನೆ ಮುಚ್ಚಿದ ಮನೆ ಎಂಬುದು ಗ್ಲೆನ್‌ಬಾನ್‌ನ ನಂಬಿಕೆ. ಅಂಥ ಮನೆಗೆ ಜೊಂಡನ್ನು ಒಳಗೆ ತರಬಾರದು, ಗೋಡೆಗೆ ಒರಗಿಸಿ ಬಿಡಬೇಕು. ಬ್ರಿಜಿಡಮ್ಮ ಮುಂದೆ ಹೋದಳು ಎಂದರ್ಥ. ಆಮೇಲೆ ಆ ಮನೆಯವರು ಎಲ್ಲಿಗೆ ಹೋದರೂ ಯಾರೂ ಆಡಿಕೊಳ್ಳುವ ಹಾಗಿಲ್ಲ. ಡೆಲಿಯಾ ಮನಸ್ಸಿನಲ್ಲೇ ಒಂದು ಪಂದ್ಯ ಕಟ್ಟಿಕೊಂಡಿದ್ದಳು: ಅವನು ಉತ್ತರ ಕೊಟ್ಟರೆ ಇಲ್ಲೇ ಇರುತ್ತಾನೆ, ಕೊಡದಿದ್ದರೆ ಕಾರು ಹತ್ತುತ್ತಾನೆ. ಆಗ ಅವನನ್ನು ಕಳಿಸಿದವಳು ತಾನಲ್ಲ, ಮನೆಯೇ ಕಳಿಸಿದ ಹಾಗಾಯಿತು. ಒಂದೇ ಪದ ಉಳಿದವನ ಜೊತೆ ಇಂಥ ಪಂದ್ಯ! ಗೆಲ್ಲುವುದು ಖಂಡಿತವೆಂದು ತಿಳಿದೇ ಕಟ್ಟಿದ್ದು. ಅವಳನ್ನು ಬೈಯುವವರು ಮೊದಲು ಹೋಗಿ ಒಂದು ತಿಂಗಳು ಆ ಹಾಸಿಗೆ ಒಗೆದು ಬರಲಿ.

ಸಂಜೆಯಾಯಿತು. ಜನವರಿಯ ಕೊನೆಗೆ ಹಗಲು ದಿನಕ್ಕೊಂದು ಹುಂಜದ ಹೆಜ್ಜೆಯಷ್ಟು ಬೆಳೆಯುತ್ತದೆ ಎನ್ನುತ್ತಾರೆ. ಬೆಟ್ಟದ ನೆತ್ತಿಯ ಮೇಲೆ ಆ ಒಂದು ಹೆಜ್ಜೆ ಬೆಳಕು ಇನ್ನೂ ಉಳಿದಿತ್ತು. ಡೆಲಿಯಾ ಆಲೂಗಡ್ಡೆ ಬೇಯಿಸಿ, ಹಾಲು ಬೆಣ್ಣೆ ಹಾಕಿ ಮಸೆದು ಒಲೆಯ ಪಕ್ಕ ಮುಚ್ಚಿಟ್ಟಳು. ಮ್ಯಾನಸ್‌ನ ಮಂಚವಿದ್ದದ್ದೂ ಅಡುಗೆಮನೆಯ ಒಲೆಯ ಪಕ್ಕದಲ್ಲೇ. ಅವನನ್ನು ಬಾಗಿಲ ಕಡೆಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು.

"ಹೊರಗೆ ಹೋಗ್ತಾ ಇದೀನಿ ಕಣೋ. ಇವತ್ತು ಯಾವ ದಿನ ಗೊತ್ತಾ?"

"ಸೈತಾನ" ಎಂದ ಮ್ಯಾನಸ್.

"ಹೌದು, ಅವನದ್ದೇ ದಿನ" ಎಂದು ಬಾಗಿಲೆಳೆದುಕೊಂಡಳು.

ಮೊದಲ ಸುತ್ತು ಬೇಗ ಮುಗಿಸಿದಳು. ಬಾಗಿಲು ತಟ್ಟಿ, ಗಂಟಲು ಸರಿಮಾಡಿಕೊಂಡು ಕೂಗಿದಳು. ಒಳಗೆ ಒಲೆಯಲ್ಲಿ ಹೆಂಟೆ ಕುಸಿದ ಸದ್ದು, ಅಷ್ಟೇ. ಎದೆಯ ಮೇಲಿನ ಕಲ್ಲೊಂದು ಸರಿದಂತಾಯಿತು. ಆ ಹಗುರಕ್ಕೇ ನಾಚಿಕೆಯೂ ಆಯಿತು.

ಎರಡನೆಯ ಸುತ್ತು. ಕೊಟ್ಟಿಗೆಯ ಹಿಂದೆ ಕೆಸರಿನಲ್ಲಿ ಬೂಟು ಹೂತಿತು, ಕಿತ್ತುಕೊಂಡಳು. ತಟ್ಟಿದಳು, ಕೂಗಿದಳು. ಈ ಸಲ ಉತ್ತರ ಬಂತು.

"ಸೈತಾನ!"

ಡೆಲಿಯಾ ಗೋಡೆಗೆ ಒರಗಿ ನಕ್ಕಳು. ಜೊಂಡು ತೋಳಿನಿಂದ ಜಾರುವಷ್ಟು ನಕ್ಕಳು. ತಿಂಗಳುಗಳಿಂದ ಮುಂದೂಡಿದ್ದ ನಗು. ಬ್ರಿಜಿಡಮ್ಮ ಎಲ್ಲಾದರೂ ಬಾಗಿಲ ಬಳಿ ನಿಂತಿದ್ದರೆ ಈಗಂತೂ ಹೊರಟೇ ಹೋಗಿರುತ್ತಾಳೆ. ಇನ್ನೊಂದೇ ಸುತ್ತು. ನಾಡಿದ್ದು ಕಾರು. ಆಮೇಲೆ ನಿದ್ದೆ.

ಮೂರನೆಯ ಸುತ್ತಿಗೆ ಹೊರಟಳು. ಮನೆಯ ಹಿಂದಿನ ಮೂಲೆಗೆ ಬೆಳಕು ಬರುವುದಿಲ್ಲ. ಏಳು ವರ್ಷದವಳಾಗಿದ್ದಾಗ ಆ ಮೂಲೆಯೆಂದರೆ ಅವಳಿಗೆ ಪ್ರಾಣಭಯ. ಅಲ್ಲಿಂದ ಓಡಿ ಬಂದು, ಬಾಗಿಲಿಗೆ ಬಿದ್ದು, ನಡುಗುವ ದನಿಯಲ್ಲಿ ಕೂಗುತ್ತಿದ್ದಳು. ಕೂಗು ಮುಗಿಯುವ ಮೊದಲೇ ಒಳಗಿನಿಂದ ಅಣ್ಣನ ದನಿ ಬಂದುಬಿಡುತ್ತಿತ್ತು. ಆಲೂಗಡ್ಡೆಯ ಆಸೆಗೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳಲ್ಲ, ಮೊದಲ ಸಲ ಈಗ ಅನುಮಾನ ಬಂತು. ಅವನು ಆಲೂಗಡ್ಡೆಯನ್ನೂ ಆತುರದಿಂದ ತಿಂದವನಲ್ಲವಲ್ಲ. ತಂಗಿ ಕತ್ತಲೆಯಲ್ಲಿ ಹೆದರಿ ನಿಂತಿದ್ದಾಳೆಂದು ಆ ಹುಡುಗನಿಗೆ ಗೊತ್ತಿತ್ತೇ?

ಈ ಯೋಚನೆ ಈಗ ಯಾಕೆ ಬಂತೋ ಎಂದು ಅವಳಿಗೆ ಸಿಟ್ಟೇ ಬಂತು. ಬಾಗಿಲು ತಟ್ಟಿದಳು.

"ಮಂಡಿ ಊರಿ, ಕಣ್ಣು ತೆರೀರಿ, ಬ್ರಿಜಿ..."

"ಬರಲಿ, ಬರಲಿ, ಮಹಾತಾಯಿ ಬರಲಿ!"

ಅವಳ ಮಾತಿನ ಮೇಲೇ ಬಿತ್ತು ಆ ಮಾತು. ನಾಲಿಗೆ ಸ್ವಲ್ಪ ದಪ್ಪ, ಕೊನೆ ಸ್ವಲ್ಪ ಎಳೆತ, ಆದರೆ ಮಾತು ಇಡಿಯಾಗಿತ್ತು, ದನಿ ಮ್ಯಾನಸ್‌ನದೇ.

ಡೆಲಿಯಾಳಿಗೆ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳ ಬಾಯಿಂದ ಮೊದಲು ಬಂದದ್ದು "ಅಯ್ಯೋ." ಕಾರು ಕಣ್ಣ ಮುಂದೆಯೇ ಹಿಂದಕ್ಕೆ ತಿರುಗಿ ಇಳಿಜಾರಿನಲ್ಲಿ ಹೋದಂತಾಯಿತು, ಅದರೊಳಗೆ ಅವಳ ನಿದ್ದೆಯೂ. ಹೊಸಿಲ ಕಲ್ಲಿನ ಮೇಲೆ ಹೊರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು ಅತ್ತಳು.

"ಹಾಳಾದವ್ನೇ, ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ಯೋ ಇದನ್ನ?" ಎಂದು ಬಾಗಿಲಿಗೇ ಹೇಳಿದಳು.

"ಸೈತಾನ" ಎಂದಿತು ಒಳಗಿನ ದನಿ.

ಮರುದಿನ ಹಬ್ಬ. ಚಕ್ರ ತಿರುಗದ ದಿನವಾದ್ದರಿಂದ ಕಣಿವೆ ಸದ್ದಿಲ್ಲದೆ ಬಿದ್ದಿತ್ತು. ಡೆಲಿಯಾ ಮಂಚದ ಪಕ್ಕ ಕೂತು ಶಿಲುಬೆ ಹೆಣೆಯುತ್ತ ಅಣ್ಣನನ್ನು ಪರೀಕ್ಷೆ ಮಾಡಿದಳು. "ನೀರು ಅನ್ನು." ಸೈತಾನ. "ಮ್ಯಾನಸ್ ಅನ್ನು, ನಿನ್ನ ಹೆಸರು." ಸೈತಾನ. "ನಾನು ಯಾರು ಹೇಳು. ಡೆಲಿಯಾ. ಡೆ-ಲಿ-ಯಾ." ಮ್ಯಾನಸ್ ಅವಳ ತುಟಿಯನ್ನು ಬಹಳ ಹೊತ್ತು ನೋಡಿದ. ಬೆವರಿದ. ಎಡಗೈ ಎತ್ತಿ ಅವಳ ಗಲ್ಲ ಮುಟ್ಟಲು ಹೋಗಿ ಮೂಗು ಮುಟ್ಟಿದ. "ಸೈ..." ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟ.

ಸುದ್ದಿ ಕೇಳಿ ಬಂದ ನ್ಯಾನ್ಸಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಮಂಚದ ಮುಂದೆ ನಿಂತು ತನ್ನ ಅಭಿಪ್ರಾಯ ಕೊಟ್ಟಳು. "ಅದು ಮಾತಲ್ಲ ಕಣೇ, ಬರೀ ಬಾಯಿಪಾಠ. ನನ್ನ ಅಜ್ಜಿ ಸಾಯೋ ಮುಂಚೆ ನಮ್ಮನ್ಯಾರ್ನೂ ಗುರ್ತು ಹಿಡೀತಿರ್ಲಿಲ್ಲ, ಜಪಮಾಲೆ ಮಾತ್ರ ಒಂದಕ್ಷರ ತಪ್ಪದೆ ಹೇಳ್ತಿದ್ಲು. ನಾಳೆ ಕಾಂಡಿ ಬರ್ತಾನೆ ತಾನೆ?"

"ಬರ್ತಾನೆ" ಎಂದಳು ಡೆಲಿಯಾ.

ಪಂದ್ಯ ಸೋತವರು ನಿಯಮ ತಿದ್ದುವುದು ಹೊಸದೇನಲ್ಲ. ಇಡೀ ದಿನ ಅವಳು ತಿದ್ದಿದಳು. ಅವನು ಕರೆದದ್ದು ಬ್ರಿಜಿಡಮ್ಮನನ್ನು, ನನ್ನನ್ನಲ್ಲ. ಹೊತ್ತವಳು, ಒಗೆದವಳು, ತುತ್ತು ಇಟ್ಟವಳು ನಾನು. ವರ್ಷಕ್ಕೊಮ್ಮೆ ದಾರಿಯಲ್ಲಿ ಹೋಗುವವಳಿಗೆ ಮಹಾತಾಯಿ, ನನಗೆ ಸೈತಾನ. ನನ್ನ ಹೆಸರನ್ನು ಒಂದೇ ಒಂದು ಸಲ ಅಂದಿದ್ದರೆ ಬೇರೆ ಮಾತಾಗಿತ್ತು. ಸಂತಳ ಮೇಲೆ ಹೊಟ್ಟೆಕಿಚ್ಚುಪಡುವ ಮಟ್ಟಕ್ಕೆ ಬಂದೆನಲ್ಲ ಎಂದು ಅವಳಿಗೇ ಅನ್ನಿಸಿತು, ಆದರೆ ಪಟ್ಟಳು. ರಾತ್ರಿ ಅವನ ಭಾನುವಾರದ ಕೋಟನ್ನು ಬ್ರಷ್ ಮಾಡಿ ಕುರ್ಚಿಯ ಮೇಲೆ ಹಾಕಿದಳು.

ಬೆಳಿಗ್ಗೆ ಅವನಿಗೆ ಕೋಟು ತೊಡಿಸಿ, ಕೂದಲು ಬಾಚಿ, ಬಾಗಿಲ ಕಡೆ ಮುಖ ಮಾಡಿಸಿ ಕೂರಿಸಿದಳು. ಕಾಂಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. ಮೇಲಿನ ಹೊಲದಲ್ಲಿ ಕುರಿಯೊಂದು ಮೊದಲ ಮರಿ ಹಾಕಿ ಚಳಿಗೆ ನಡುಗುತ್ತ ನಿಂತಿತ್ತು. ಡೆಲಿಯಾ ಹೋಗಿ ಮರಿಯನ್ನು ಏಪ್ರನ್ನಿನಲ್ಲಿ ಸುತ್ತಿ ಎದೆಗವಚಿಕೊಂಡಳು. ಇನ್ನೊಂದು ತೋಳಿಗೆ ಒಲೆಯ ಹೆಂಟೆ ತುಂಬಿಕೊಂಡಳು. ಬರುವಷ್ಟರಲ್ಲಿ ಗಾಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಚಿಲಕ ತೆಗೆಯಲು ಕೈ ಖಾಲಿಯಿಲ್ಲ. ಸುಸ್ತಿನ ಸಿಟ್ಟಿನಲ್ಲಿ ಬೂಟುಗಾಲಿನಿಂದ ಬಾಗಿಲನ್ನು ಒದ್ದಳು, ಒಂದಲ್ಲ, ಎರಡು ಮೂರು ಸಲ.

"ಬರಲಿ, ಬರಲಿ" ಎಂದ ಮ್ಯಾನಸ್ ಒಳಗಿನಿಂದ.

ಯಾರೂ ಕೂಗಿರಲಿಲ್ಲ. ಬ್ರಿಜಿಡಮ್ಮನ ಹೆಸರನ್ನು ಯಾರೂ ಎತ್ತಿರಲಿಲ್ಲ. ಹಬ್ಬ ಮುಗಿದುಹೋಗಿತ್ತು, ಜೊಂಡು ಶಿಲುಬೆಯಾಗಿ ಬಾಗಿಲ ಮೇಲೆ ಸೇರಿತ್ತು. ಹೊರಗೆ ನಿಂತಿದ್ದವಳು ಕೆಸರು ಬೂಟಿನ, ಕೆದರಿದ ಕೂದಲಿನ ಒಬ್ಬ ಹೆಂಗಸು, ಬೇರೆ ಯಾರೂ ಅಲ್ಲ. ಡೆಲಿಯಾ ಅಲ್ಲಾಡದೆ ನಿಂತಳು. ಎದೆಯ ಮೇಲಿನ ಮರಿ ಸಣ್ಣಗೆ ಅರಚಿತು.

"ಬರಲಿ" ಎಂದ ಅವನು ಮತ್ತೆ, ಸ್ವಲ್ಪ ಆತುರದಿಂದ. ಹೊರಗೆ ನಿಂತವಳಿಗೆ ಹೆದರಿಕೆಯಾಗುತ್ತಿದೆಯೇನೋ ಎಂಬ ಹಾಗೆ.

ಕಾಂಡಿ ಬಂದಾಗ ಡೆಲಿಯಾ ಒಲೆಯ ಮುಂದೆ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಮ್ಯಾನಸ್‌ನ ಭಾನುವಾರದ ಕೋಟು ಮೊಳೆಗೆ ಹೋಗಿತ್ತು.

"ಏನಮ್ಮ, ಇನ್ನೂ ತಯಾರಾಗಿಲ್ವಾ?"

"ಚಹಾ ಕುಡ್ಕೊಂಡು ಕಾರು ತಿರುಗಿಸ್ಕೋ ಕಾಂಡಿ. ಅವನು ಬರಲ್ಲ."

"ಯಾಕೆ? ನರ್ಸಮ್ಮ ಎಲ್ಲಾ ಗೊತ್ತು ಮಾಡಿದಾರಲ್ಲ!"

"ನಾನು ಹೊರಗಿದ್ದೆ. ಬಾ ಅಂತ ಕರೆದ."

ಕಾಂಡಿ ಮಂಚದ ಕಡೆ ನೋಡಿ, ಟೋಪಿ ತೆಗೆದು, ಕೊಂಚ ಗಟ್ಟಿಯಾಗಿ ಕೇಳಿದ. "ಹೌದೇನೋ ಮ್ಯಾನಸ್? ಕರೆದ್ಯಾ?"

"ಸೈತಾನ" ಎಂದ ಮ್ಯಾನಸ್, ಬಹಳ ವಿಶ್ವಾಸದಿಂದ. ಕಾಂಡಿ ಚಹಾ ಕುಡಿದು ಹೋದ.

ನರ್ಸ್ ಬಾಯಲ್ ಮುನಿಸಿಕೊಂಡಳು, ಆಮೇಲೆ ಎಂದಿನಂತೆ ಸೈಕಲ್ ತಳ್ಳಿಕೊಂಡು ಬಂದು ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು. ಡೆಲಿಯಾಳ ಸುಸ್ತು ಕಡಿಮೆಯಾಗಲಿಲ್ಲ. ಅದು ಕಡಿಮೆಯಾಗಲು ಏನೂ ಆಗಿರಲಿಲ್ಲ; ಹಾಸಿಗೆ ಅದೇ, ಹುಣ್ಣು ಅದೇ, ಸೊಂಟ ಅದೇ, ಮೇಲೆ ಕುರಿಗಳೆಲ್ಲ ಸಾಲಾಗಿ ಮರಿ ಹಾಕುವ ಕಾಲ. ಒಂದು ಮಾತ್ರ ಬದಲಾಯಿತು. ಅವಳು ಹೊರಗಿನಿಂದ ಬಂದಾಗಲೆಲ್ಲ, ಕೈ ಖಾಲಿಯಿದ್ದರೂ ಬಾಗಿಲು ತಟ್ಟುತ್ತಾಳೆ. ಕೆಲವು ದಿನ ಉತ್ತರ ತಕ್ಷಣ ಬರುತ್ತದೆ. ಕೆಲವು ದಿನ ಎರಡನೆಯ, ಮೂರನೆಯ ತಟ್ಟಿಗೆ. ಕೆಲವು ದಿನ ಮ್ಯಾನಸ್‌ಗೆ ಜೋಂಪು ಹತ್ತಿರುತ್ತದೆ. ಅಂದು ಅವಳು ಬಕೆಟ್ಟನ್ನು ಕೆಳಗಿಟ್ಟು, ಮನೆಯನ್ನೊಂದು ಸುತ್ತು ಹಾಕಿ ಬಂದು ಮತ್ತೆ ತಟ್ಟುತ್ತಾಳೆ.

ಏಪ್ರಿಲ್‌ನಲ್ಲಿ ಒಂದು ದಿನ ಜಡಿಮಳೆ. ಗೋಡೆಯಾಚೆಯಿಂದ ನ್ಯಾನ್ಸಿ ನೋಡುತ್ತಾಳೆ: ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಎರಡೂ ಕೈಯಲ್ಲಿ ಹಾಲಿನ ಬಕೆಟ್ಟು ಹಿಡಿದು, ಕಾಲಿಂದ ಕಾಲಿಗೆ ಭಾರ ಬದಲಿಸುತ್ತ ಡೆಲಿಯಾ ಬಾಗಿಲ ಮುಂದೆ ನೆನೆಯುತ್ತ ನಿಂತಿದ್ದಾಳೆ.

"ಹುಚ್ಚು ಹಿಡೀತೇನೇ? ನಿನ್ನ ಮನೆ ಬಾಗಿಲಿಗೆ ನೀನೇ ನಿಂತಿದೀಯಲ್ಲೇ! ತೆಗೆದು ಒಳಗೆ ಹೋಗೇ!"

ಡೆಲಿಯಾ ತಿರುಗಿ ನೋಡಲಿಲ್ಲ. ಬಾಗಿಲಿಗೆ ಕಿವಿ ಹತ್ತಿರ ತಂದಳು.

"ಸುಮ್ನಿರೇ ನ್ಯಾನ್ಸಿ. ಅವನಿನ್ನೂ ಕರೆದಿಲ್ಲ."